ಇಲ್ಲಿ ಜಾಗಾ ಅದ ಏನ್ರಿ?

ದುಬಲಗುಂಡಿಯಲ್ಲಿ ಬಸ್ಸಿಳಿದು ಹೊಲಗಳ ನಡುವೆ ಇನ್ನೂ ಒಳಗೆ ಹೋದರೆ ಸಿಗುವ ಒಂದು ಊರಿನ ಕಥೆ ಇದು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಒಂದೇ ಊರಿನವರು ಕೆಟ್ಟವರಾಗುತ್ತಾರೆ, ಸುತ್ತಲಿನ ಊರಿನವರೆಲ್ಲ ಮೀಸೆಯ ಮೇಲೆ ಕೈಯಾಡಿಸಿಕೊಂಡು ಪಾರಾಗಿಬಿಡುತ್ತಾರೆ. ಅಂಥ ಪುಕ್ಕಟೆ ಪುಣ್ಯ ಯಾರಿಗೂ ಸಿಗಬಾರದು.

ಆ ಊರಿನ ಸರಕಾರಿ ಶಾಲೆಯಲ್ಲಿ ಭಾಗಮ್ಮ ಐದನೆಯ ತರಗತಿಗೆ ಪಾಠ ಹೇಳುತ್ತಿದ್ದರು. ಮಕ್ಕಳಿಗೂ ದೊಡ್ಡವರಿಗೂ ಅವರು ‘ಬಾಯಾರು’. ಮನೆ ಹುಮನಾಬಾದಿನಲ್ಲಿ, ಗಂಡ ಸಂಜೀವಕುಮಾರನಿಗೆ ಅಲ್ಲಿ ಬಟ್ಟೆ ಅಂಗಡಿ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವವರನ್ನು ಊರು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಆದರೆ ಭಾಗಮ್ಮ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇದ್ದ ಹೆಂಗಸು. ಶಾಲೆಯ ಎದುರಿಗಿದ್ದ ಮಠದಲ್ಲಿ ಪುರಾಣ ನಡೆದರೆ ಅವರಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತಿತ್ತು.

ಕಾರ್ಗಿಲ್ ಯುದ್ಧ ನಡೆದ ವರ್ಷ ಅದು. ತರಗತಿಯಲ್ಲಿ ಮಕ್ಕಳು ಗೋಣಿತಟ್ಟು ಹಾಸಿಕೊಂಡು ಕೂಡುತ್ತಿದ್ದವು. ಕೆಳಗಿನ ಓಣಿಯಿಂದ, ಅಂದರೆ ದಲಿತರ ಓಣಿಯಿಂದ ಬರುವ ನಾಲ್ಕು ಮಕ್ಕಳದು ಬಾಗಿಲ ಹತ್ತಿರದ ಕೊನೆಯ ತಟ್ಟು. ಯಾರೂ ಅಲ್ಲಿ ಕೂಡಿಸಿದ್ದಲ್ಲ. ಶಾಲೆಗೆ ಸೇರಿದ ದಿನವೇ ತಾವಾಗಿ ಹೋಗಿ ಕೂತಿದ್ದವು, ಮನೆಯಲ್ಲಿ ಅಷ್ಟು ಕಲಿಸಿಯೇ ಕಳಿಸಿದ್ದರು. ನೀರಡಿಸಿದರೆ ಗಡಿಗೆಯ ಹತ್ತಿರ ಬೊಗಸೆಯೊಡ್ಡಿ ನಿಲ್ಲುತ್ತಿದ್ದವು. ಮೇಲಿನ ಓಣಿಯ ಯಾವನಾದರೊಬ್ಬ ದೊಡ್ಡ ಮನಸ್ಸು ಮಾಡಿ ಎತ್ತರದಿಂದ ನೀರು ಹುಯ್ಯಬೇಕು.

ಒಂದು ದಿನ ಭಾಗಮ್ಮ ಸಿಟ್ಟಿಗೆದ್ದು ತಟ್ಟುಗಳನ್ನೆಲ್ಲ ಅದಲುಬದಲು ಮಾಡಿ ಕೂಡಿಸಿದರು. ಮರುದಿನ ಅರ್ಧ ತರಗತಿಗೆ ಒಮ್ಮೆಲೇ ಜ್ವರ ಬಂದುಬಿಟ್ಟಿತು. ಹೆಡ್ ಮಾಸ್ತರ ಕಾಶಿರಾಮ ಒಳಗೆ ಕರೆದು, “ಬಾಯಾರ, ನಾವು ಇಲ್ಲಿ ನೌಕರಿ ಮಾಡಾಕ ಬಂದೀವಿ, ಊರು ತಿದ್ದಾಕಲ್ಲ. ಜರಾ ತಾಳ್ರಿ,” ಎಂದರು. ಪಾಪ, ಆ ಮನುಷ್ಯ ಹುಟ್ಟಿದಾಗಿನಿಂದ ತಾಳಿಕೊಂಡೇ ಬಂದವರು. ಅವರಿಗೆ ಗೊತ್ತಿದ್ದ ಔಷಧ ಅದೊಂದೇ.

ಬೈದು ಹೇಳಿದರೆ ಊರು ಕೇಳುವುದಿಲ್ಲ, ಕಥೆ ಮಾಡಿ ಹೇಳಿದರೆ ಮಕ್ಕಳಾದರೂ ಕೇಳಿಯಾವು ಎಂದುಕೊಂಡರು ಭಾಗಮ್ಮ. ಕಥೆಗೆ ದೂರ ಹೋಗಬೇಕಾಗಿರಲಿಲ್ಲ. ಒಂದು ತಾಸಿನ ದಾರಿಯಲ್ಲಿ ಬಸವಕಲ್ಯಾಣ. ಜಾತಿ ಬೇಡ, ಎಲ್ಲರೂ ಒಂದೇ ಎಂದು ಎಂಟುನೂರು ವರ್ಷದ ಹಿಂದೆಯೇ ಸಾರಿದ ನೆಲ. ಸುತ್ತಮುತ್ತಲಿನ ಊರುಗಳಿಗೆ ಅದರ ಹೆಸರು ಹೇಳುವುದೆಂದರೆ ಎದೆ ಎರಡು ಗೇಣು ಉಬ್ಬುತ್ತದೆ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ.

ಆ ಕಾಲದ ಕಲ್ಯಾಣವನ್ನಿಟ್ಟುಕೊಂಡು ಭಾಗಮ್ಮ ಮಕ್ಕಳಿಗಾಗಿ ಒಂದು ಕಥೆ ಕಟ್ಟಿದರು. ಚಪ್ಪಲಿ ಹೊಲಿಯುವವನ ಮಗ ಹುಲಿಗ, ಹತ್ತು ವರ್ಷದವನು, ಅಪ್ಪ ಹೊಲಿದ ಜೋಡು ಕೊಡಲು ಒಂದು ದೊಡ್ಡ ಮನೆಗೆ ಹೋಗುತ್ತಾನೆ. ಅಲ್ಲಿ ಶರಣರು ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾರೆ. ಹಸಿದ ಹುಡುಗ ಬಾಗಿಲಲ್ಲಿ ನಿಂತು, “ಇಲ್ಲಿ ಜಾಗಾ ಅದ ಏನ್ರಿ?” ಎಂದು ಕೇಳುತ್ತಾನೆ. ಪಂಕ್ತಿಯೆಲ್ಲ ಗಪ್ಪಾಗುತ್ತದೆ. ಆಗ ತುದಿಯಲ್ಲಿ ಕೂತ ಮುದುಕನೊಬ್ಬ ಅಂಗೈಯಿಂದ ನೆಲ ತಟ್ಟಿ, “ಬಾ ಮಗಾ, ಇಲ್ಲಿ ಕುಂದುರು,” ಎನ್ನುತ್ತಾನೆ. ಅವನು ಸರಿಯುತ್ತಾನೆ, ಅವನ ಪಕ್ಕದವನೂ ಸರಿಯುತ್ತಾನೆ, ಹಾಗೇ ಇಡೀ ಪಂಕ್ತಿ ಸರಿದು ಹುಲಿಗನಿಗೆ ಜಾಗವಾಗುತ್ತದೆ. ಹುಲಿಗನನ್ನೂ ಮುದುಕನನ್ನೂ ಭಾಗಮ್ಮನೇ ಹುಟ್ಟಿಸಿದ್ದು. ಕಲ್ಯಾಣ ಮಾತ್ರ ಖರೆ.

ಖರೆ ಕಲ್ಯಾಣದ ಕೊನೆ ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಜಾತಿ ಮೀರಿ ಬೀಗರಾದವರನ್ನು ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ್ದನ್ನು, ಶರಣರೆಲ್ಲ ದಿಕ್ಕಾಪಾಲಾಗಿ ಓಡಿದ್ದನ್ನು ಚಿಕ್ಕವರಿದ್ದಾಗ ಅಜ್ಜಿಯ ಬಾಯಲ್ಲಿ ಕೇಳಿ ಅತ್ತಿದ್ದರು. ಮೊದಲು ಬರೆದಾಗ ಅದೂ ಕಥೆಯಲ್ಲಿತ್ತು. ಮುದುಕನನ್ನು ರಾಜಭಟರು ಹಿಡಿದೊಯ್ಯುತ್ತಾರೆ, ಹುಲಿಗ ಅಪ್ಪನ ಕೈಹಿಡಿದು ಕತ್ತಲಲ್ಲಿ ಊರು ಬಿಡುತ್ತಾನೆ. ಕಾಶಿರಾಮ ಓದಿ ಮುಖ ಸಿಂಡರಿಸಿದರು. “ರಕ್ತ ಬ್ಯಾಡ್ರಿ ಬಾಯಾರ. ಸಣ್ಣ ಮಕ್ಕಳು, ಅಂಜತಾವ. ಕಥಿ ಸವಿ ಇರಬೇಕು.” ಭಾಗಮ್ಮನಿಗೂ ಅದೇ ಅನ್ನಿಸಿತು. ಕೊನೆಯನ್ನು ಹೊಡೆದುಹಾಕಿ, “ಅವತ್ತಿನಿಂದ ಕಲ್ಯಾಣದಾಗ ಯಾರೂ ಹೊರಗ ನಿಂತು ಉಣ್ಣಲಿಲ್ಲ,” ಎಂದು ಬರೆದರು. ಎಂಥ ಚೆಂದದ ಸುಳ್ಳು! ಓದಿದವರ ಹೊಟ್ಟೆ ತಣ್ಣಗಾಗುತ್ತಿತ್ತು.

ಈ ಕಥೆಯನ್ನು ಮಕ್ಕಳು ಕೇಳಿದ್ದಲ್ಲ, ನುಂಗಿದವು. ಅದನ್ನೇ ನಾಟಕ ಮಾಡಿ ನವೆಂಬರದ ಮಕ್ಕಳ ದಿನಕ್ಕೆ ಹುಮನಾಬಾದಿನ ಸ್ಪರ್ಧೆಗೆ ಒಯ್ಯೋಣ ಎಂದಾಗ, ಬಾಗಿಲ ಹತ್ತಿರದ ತಟ್ಟಿನಿಂದ ಒಂದು ಕೈ ಎದ್ದಿತು.

“ಬಾಯಾರ, ಹುಲಿಗ ನಾ ಆಗ್ತೀನ್ರಿ. ಪೂರಾ ಬಾಯಿಪಾಠ ಆಗ್ಯಾದ.”

ಅವನು ಸಮ್ಯಕ, ಲಾಲಪ್ಪನ ಮಗ. ಲಾಲಪ್ಪ, ಹೆಂಡತಿ ದ್ರೌಪತಿ ಇಬ್ಬರೂ ನಾಗನಾಥ ಸಾಹುಕಾರರ ಹೊಲದಲ್ಲಿ ದುಡಿಯುವವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಮಗನಿಗೆ ಆ ಹೆಸರಿಟ್ಟವರು ಹುಮನಾಬಾದಿಗೆ ಬಂದಿದ್ದ ಒಬ್ಬ ಭಂತೇಜಿ, ಅಂದರೆ ಬೌದ್ಧ ಭಿಕ್ಷು. ಊರವರು ಅದನ್ನು ‘ಸಮ್ಯಾ’ ಮಾಡಿ ಕೈತೊಳೆದುಕೊಂಡಿದ್ದರು. ಹುಡುಗನ ಕಂಠ ಚೊಕ್ಕ, ಕಣ್ಣಲ್ಲಿ ಬೆಳಕು. ಕೊನೆಯ ತಟ್ಟಿನ ಮೇಲೆ ಇಂಥ ದನಿ ಐದು ವರ್ಷದಿಂದ ಬಾಯಿ ಮುಚ್ಚಿಕೊಂಡು ಕೂತಿತ್ತಲ್ಲ ಎಂದುಕೊಂಡರು ಭಾಗಮ್ಮ. ಪಾತ್ರ ಅವನಿಗೇ ಕೊಟ್ಟರು.

ಮುದುಕನ ಪಾತ್ರ ನಾಗನಾಥ ಸಾಹುಕಾರರ ಮಗ ಬಸವಕಿರಣನಿಗೆ. ಅವನು ಒಳ್ಳೆಯ ಹುಡುಗ. ಆದರೆ “ಬಾ ಮಗಾ” ಎನ್ನುವ ಹೊತ್ತಿಗೆ ಅವನ ಕಣ್ಣು ಕಿಟಕಿಯಾಚೆ ಮಠದ ಕಟ್ಟೆಯ ಮೇಲೆ ಕೂತ ಅಪ್ಪನ ಕಡೆ ಹೋಗುತ್ತಿತ್ತು, ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೀಗಾಗಿ ತಾಲೀಮಿನಲ್ಲಿ ಆ ಮಾತನ್ನು ಭಾಗಮ್ಮನೇ ಹೇಳಿಕೊಡುತ್ತಿದ್ದರು. ಸಮ್ಯಕ ಬಾಗಿಲಲ್ಲಿ ನಿಂತು, “ಇಲ್ಲಿ ಜಾಗಾ ಅದ ಏನ್ರಿ?” ಎಂದು ಕೇಳಿ ಬಾಯಾರ ಮುಖ ನೋಡುವನು. ಬಾಯಾರು ನೆಲ ತಟ್ಟಿ, “ಬಾ ಮಗಾ, ಇಲ್ಲಿ ಕುಂದುರು,” ಎನ್ನುವರು. ಸಮ್ಯಕ ಓಡಿಬಂದು ಕೂಡುವನು. ದಿನಾ ಹೀಗೇ. ಹುಡುಗನಿಗೆ ಆ ಮಾತು ಬಾಯಾರದ್ದೇ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿಬಿಟ್ಟಿತು.

ಆಷಾಢದಲ್ಲಿ ಟೆಂಪೊ ಮಾಡಿಕೊಂಡು ತರಗತಿಯನ್ನು ಬಸವಕಲ್ಯಾಣಕ್ಕೆ ಕರೆದೊಯ್ದರು. ಕೋಟೆ ನೋಡಿದರು, ಅನುಭವ ಮಂಟಪ ನೋಡಿದರು. “ಹುಲಿಗನ ಮನಿ ಎಲ್ಲಿ ಇತ್ರಿ?” ಎಂದು ಸಮ್ಯಕ ಕೇಳಿಯೇ ಕೇಳಿದ. ಭಾಗಮ್ಮ ಯಾವುದೋ ಗಲ್ಲಿಯ ಕಡೆ ಕೈ ತೋರಿಸಿದರು. ಮಧ್ಯಾಹ್ನ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಕೆಳಗಿನ ಓಣಿಯ ಮಕ್ಕಳು ತಮ್ಮ ಪಾಡಿಗೆ ದೂರ ಸರಿಯತೊಡಗಿದವು. ಭಾಗಮ್ಮ ಹುಲ್ಲಿನ ಮೇಲೆ ಕೂತು ನೆಲ ತಟ್ಟಿ ಕೂಗಿದರು: “ಬಾ ಮಗಾ, ಇಲ್ಲಿ ಕುಂದುರು!” ಮಕ್ಕಳೆಲ್ಲ ಹೋ ಎಂದು ನಕ್ಕು ಸರಿದವು, ಜಾಗವಾಯಿತು. ದ್ರೌಪತಿ ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೈಯಿಂದ ಕೈಗೆ ಹೋಗಿ ಖಾಲಿಯಾಯಿತು. ಎಲ್ಲರಿಗಿಂತ ಹೆಚ್ಚು ತಿಂದವನು ಬಸವಕಿರಣ. ಭಾಗಮ್ಮನಿಗೆ ಆವತ್ತು ತಮ್ಮ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ವಾಪಸು ಬರುವಾಗ ಸಮ್ಯಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಬಸವಕಿರಣ ಹತ್ತಿರ ಬಂದು ಪಿಸುಗುಟ್ಟಿದ: “ಬಾಯಾರ, ಹಿಂಡಿ ತಿಂದಿದ್ದು ನಮ್ಮ ಮನ್ಯಾಗ ಹೇಳಬ್ಯಾಡ್ರಿ.”

“ಇಲ್ಲಪ್ಪಾ, ಹೇಳೂದಿಲ್ಲ,” ಎಂದು ಭಾಗಮ್ಮ ನಕ್ಕು ಅವನ ತಲೆ ಸವರಿದರು. ಮಲಗಿದ್ದ ಹುಡುಗನನ್ನು ಎಬ್ಬಿಸಿ ಈ ಮಾತನ್ನು ಅವನ ಕಿವಿಗೂ ಹಾಕಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೇನೋ.

ಶ್ರಾವಣ ಬಂತು. ಕಡೆಯ ಸೋಮವಾರ ಮಠದಲ್ಲಿ ದಾಸೋಹ. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ದಾಸೋಹವೆಂದರೆ ಎಲ್ಲರಿಗೂ ಪ್ರಸಾದ, ಅದರಲ್ಲಿ ಸುಳ್ಳಿಲ್ಲ. ಮೇಲಿನ ಓಣಿಯವರಿಗೆ ಮಠದ ಅಂಗಳದಲ್ಲಿ ಪಂಕ್ತಿ, ಕೆಳಗಿನ ಓಣಿಯವರಿಗೆ ಹೊರಗೆ ಬೇವಿನ ಮರದ ಕೆಳಗೆ, ಪಂಕ್ತಿಗಳೆಲ್ಲ ಎದ್ದ ಮೇಲೆ, ಅವರವರ ಮನೆಯ ಪಾತ್ರೆಯಲ್ಲಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ದಿನ ಎಲೆಯ ಮೇಲೆ ಅದೇ ಪಲ್ಯವಿತ್ತು.

ಇನ್ನೊಂದು ಮಾತು ಹೇಳಬೇಕು. ಮೇಲಿನ ಓಣಿಯ ಆ ಜನ ಪ್ರಸಾದವನ್ನು ಎಲೆಯಲ್ಲಿ ಬಿಡುವವರಲ್ಲ. ಒಂದು ಅಗುಳು ಉಳಿಸುವುದೂ ಪಾಪ. ತಟ್ಟೆಯಾದರೆ ಉಂಡು, ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಪಂಕ್ತಿಯಲ್ಲಿ ಕೂತ ಕೊನೆಯವನದು ಮುಗಿಯುವ ತನಕ ಮೊದಲನೆಯವನು ಏಳುವುದಿಲ್ಲ. ಹುಟ್ಟಿದಾಗಿನಿಂದ ರಕ್ತದಲ್ಲಿ ಬಂದ ಮರ್ಯಾದೆ ಅದು.

ಭಾಗಮ್ಮ ಹೆಂಗಸರ ಸಾಲಿನಲ್ಲಿ ಕೂತಿದ್ದರು, ಎದುರಿಗೆ ಗಂಡಸರು ಮತ್ತು ಹುಡುಗರು. ಹುಗ್ಗಿ ಬಡಿಸಿ ಆಗಿತ್ತು, ‘ಹರಹರ ಮಹಾದೇವ’ ಆಗಿತ್ತು, ಎಲ್ಲರೂ ಎರಡು ತುತ್ತು ಉಂಡಿದ್ದರು. ಹೊರಗೆ ಮರದ ಕೆಳಗೆ ದ್ರೌಪತಿ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಸಮ್ಯಕ. ಅಂಗಳದ ಸಾಲಿನಲ್ಲಿ ಬಸವಕಿರಣ ಕೂತದ್ದು, ಅವನ ಪಕ್ಕದಲ್ಲಿ ಒಂದು ಎಲೆಯಷ್ಟು ಜಾಗ ಖಾಲಿ ಇದ್ದದ್ದು, ಎದುರಿಗೆ ತನ್ನ ಬಾಯಾರು ಇದ್ದದ್ದು ಸಮ್ಯಕನ ಕಣ್ಣಿಗೆ ಬಿತ್ತು. ಎಲ್ಲವೂ ತಾಲೀಮಿನಂತೆಯೇ ಇತ್ತು. ಅವ್ವನ ಸೆರಗು ಬಿಟ್ಟು ಒಳಗೆ ಬಂದ. ಮಠದ ಬಾಗಿಲಲ್ಲಿ ನಿಂತು, ಕಲಿಸಿದಷ್ಟೇ ಗಟ್ಟಿಯಾಗಿ, ಕಲಿಸಿದಷ್ಟೇ ಸ್ಪಷ್ಟವಾಗಿ ಕೇಳಿದ:

“ಇಲ್ಲಿ ಜಾಗಾ ಅದ ಏನ್ರಿ?”

ಕೇಳಿ ಬಾಯಾರ ಮುಖ ನೋಡಿದ. ಅವನ ತುಟಿಯ ಮೇಲೆ ಸಣ್ಣ ನಗೆಯಿತ್ತು.

ಪಂಕ್ತಿ ಗಪ್ಪಾಯಿತು. ಕಥೆಯಲ್ಲೂ ಹಾಗೇ ಆಗುತ್ತದಾದ್ದರಿಂದ ಹುಡುಗ ಹೆದರಲಿಲ್ಲ. ಮುಂದಿನ ಮಾತಿಗಾಗಿ ಕಾದ. ಭಾಗಮ್ಮನ ಕೈ ನೆಲದ ಮೇಲೇ ಇತ್ತು. ತಟ್ಟಿದರೆ ಸಾಕಿತ್ತು. ಮಾತು ನಾಲಿಗೆಯ ತನಕ ಬಂತು. ಅಷ್ಟರಲ್ಲಿ ನಾಗನಾಥ ಸಾಹುಕಾರರ ಮುಖ ಕಂಡಿತು, ಅಕ್ಕಪಕ್ಕದ ಹೆಂಗಸರ ಉಸಿರು ನಿಂತದ್ದು ಕೇಳಿಸಿತು, ಬೆಳಗಿನ ಬಸ್ಸು, ನೌಕರಿ, ಗಂಡನ ಅಂಗಡಿಗೆ ಬರುವ ಇದೇ ಊರಿನ ಗಿರಾಕಿಗಳು, ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು. ಭಾಗಮ್ಮ ಏನೂ ಹೇಳಲಿಲ್ಲ.

ಬಾಯಾರು ಮಾತು ಮರೆತಿದ್ದಾರೆ ಎಂದುಕೊಂಡನೋ ಏನೋ, ಸಮ್ಯಕ ತಾನೇ ಬಂದು ಬಸವಕಿರಣನ ಪಕ್ಕದಲ್ಲಿ ಕೂತ.

ನಾಗನಾಥ ಸಾಹುಕಾರರು ಎದ್ದರು. ಮಗನ ರಟ್ಟೆ ಹಿಡಿದು ಎಬ್ಬಿಸಿದರು. ಅವರ ಪಕ್ಕದವರು ಎದ್ದರು, ಅವರ ಪಕ್ಕದವರೂ ಎದ್ದರು, ಹಾಗೇ ಇಡೀ ಪಂಕ್ತಿ ಎದ್ದಿತು. ಒಂದು ಅಗುಳು ಬಿಡದ ಜನ ಹುಗ್ಗಿ ತುಂಬಿದ ಎಲೆಗಳನ್ನು ಬಿಟ್ಟು ಎದ್ದರು. ಹೆಂಗಸರ ಸಾಲೂ ಎದ್ದಿತು. ಅದರ ಜೊತೆ ಭಾಗಮ್ಮನೂ ಎದ್ದರು.

ಹುಡುಗನ ಹತ್ತಿರ ಹೋಗಲಿಕ್ಕೆಂದೇ ಎದ್ದೆ ಎಂದು ಆಮೇಲೆ ಎಷ್ಟೋ ದಿನ ತಮಗೆ ತಾವೇ ಹೇಳಿಕೊಂಡರು. ಆದರೆ ಕಾಲುಗಳು ಆ ಕಡೆ ಹೋಗಲಿಲ್ಲ, ಉಳಿದ ಹೆಂಗಸರ ಹಿಂದೆ ಕೈತೊಳೆಯುವ ನೀರಿನ ಹೌದಿನ ಕಡೆಗೆ ಹೋದವು. ಸಮ್ಯಕ ಎರಡು ಸಾಲು ತುಂಬಿದ ಎಲೆಗಳ ನಡುವೆ ಒಬ್ಬನೇ ಕೂತು, ಬಾಯಾರು ಎದ್ದು ಹೋಗುವುದನ್ನು ತಲೆಯೆತ್ತಿ ನೋಡುತ್ತಿದ್ದ. ಅವನ ಮುಖದಲ್ಲಿದ್ದದ್ದು ಅಂಜಿಕೆಯಲ್ಲ, ದುಃಖವೂ ಅಲ್ಲ, ಲೆಕ್ಕ ತಪ್ಪಿದಾಗ ಮಕ್ಕಳ ಮುಖದಲ್ಲಿ ಕಾಣುವ ಗೊಂದಲ. ಎಲ್ಲಿ ತಪ್ಪಿದೆ ಎಂದು ಅವನು ಹುಡುಕುತ್ತಿದ್ದ.

ದ್ರೌಪತಿಯ ಕೂಗು ಕೇಳಿ ಹೊಲದಿಂದ ಓಡಿಬಂದ ಲಾಲಪ್ಪ ಮಗನನ್ನು ಎಳೆದುಕೊಂಡು ಹೋದ. “ತಪ್ಪಾಯ್ತ್ರೀ ಧಣಿ, ಹುಡುಗುಬುದ್ಧಿ. ಹೊಟ್ಯಾಗ ಹಾಕ್ಕೊಳ್ರಿ,” ಎಂದು ಅವನು ಹೇಳುತ್ತಿದ್ದದ್ದು ಹೌದಿನ ತನಕ ಕೇಳಿಸುತ್ತಿತ್ತು.

ಮರುದಿನ ಊರಿನ ಹಿರಿಯರು ಹೊಡೆಯಲಿಲ್ಲ, ಬಡಿಯಲಿಲ್ಲ. ಅಷ್ಟರ ಮಟ್ಟಿಗೆ ಅವರು ಸಭ್ಯರು. ಹುಡುಗ ಅಪ್ಪನ ಜೊತೆ ಬಂದು ಮಠದ ಮೆಟ್ಟಿಲ ಕೆಳಗೆ ಉದ್ದಕ್ಕೆ ಮಲಗಿ ತಪ್ಪೊಪ್ಪಿಕೊಳ್ಳಬೇಕು, ಅಷ್ಟೇ ಅಂದರು. ಶಾಲೆ ನಡೆಯುವ ಹೊತ್ತು. ಐದನೆಯ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದವು. ಲಾಲಪ್ಪ ಮಗನ ಕುತ್ತಿಗೆಯ ಮೇಲೆ ಕೈಯಿಟ್ಟು ಬಗ್ಗಿಸುವುದು ಕಾಣುತ್ತಿತ್ತು. “ಕುಂದುರ್ರಿ ಎಲ್ಲಾರೂ!” ಎಂದು ಚೀರಿ ಭಾಗಮ್ಮ ಕಿಟಕಿ ಮುಚ್ಚಿದರು. ಮಕ್ಕಳು ಕಾಣಬಾರದೆಂದು ಮುಚ್ಚಿದರೋ, ತಾವು ಕಾಣಬಾರದೆಂದು ಮುಚ್ಚಿದರೋ, ಅವರಿಗೇ ತಿಳಿಯಲಿಲ್ಲ.

ಸಮ್ಯಕ ಶಾಲೆಗೆ ಬರುವುದು ನಿಂತಿತು. ಅವನ ಬೆನ್ನಿಗೇ ಆ ತಟ್ಟಿನ ಉಳಿದ ಮೂವರೂ ನಿಂತರು. ಇವತ್ತು ಹೋಗೋಣ, ನಾಳೆ ಹೋಗಿ ಮಾತಾಡಿಸೋಣ ಎಂದುಕೊಳ್ಳುತ್ತಲೇ ಭಾಗಮ್ಮ ಎರಡು ತಿಂಗಳು ಕಳೆದರು. ಹೋಗಿ ಏನು ಹೇಳುವುದು ಎಂಬುದೇ ಬಗೆಹರಿಯುತ್ತಿರಲಿಲ್ಲ. ಗಂಡನ ಮುಂದೆ ಒಮ್ಮೆ ಅತ್ತರು. ಸಂಜೀವಕುಮಾರ, “ಊರ ಉಸಾಬರಿ ನಮಗ್ಯಾಕ? ನೀ ಏನ್ ಅವನಿಗಿ ಹೋಗಿ ಕುಂದುರು ಅಂದಿದ್ದಿ ಏನು?” ಎಂದು ಸಮಾಧಾನ ಮಾಡಿದ. ಕುಂದುರು ಅನ್ನಲಿಲ್ಲವಲ್ಲ ಎಂಬುದೇ ತನ್ನ ಸಂಕಟ ಎಂದು ಅವನಿಗೆ ಹೇಗೆ ತಿಳಿಸುವುದು? ಭಾಗಮ್ಮ ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋದರು.

ನಾಟಕವನ್ನೇ ಬಿಟ್ಟುಬಿಡಬೇಕೆಂದಿದ್ದರು. ಆದರೆ ಶಾಲೆಯ ಹೆಸರು ಆಗಲೇ ಹುಮನಾಬಾದಿಗೆ ಹೋಗಿತ್ತು. ಅಲ್ಲದೆ ನಾಗನಾಥ ಸಾಹುಕಾರರೇ ಶಾಲೆಗೆ ಬಂದು, “ಶರಣರ ನಾಟಕ ನಿಲ್ಲಬಾರದ್ರಿ ಬಾಯಾರ. ನಮ್ಮ ಕಿರಣಗ ಹುಲಿಗನ ಪಾತ್ರ ಕೊಡ್ರಿ,” ಎಂದರು. ವ್ಯಂಗ್ಯವಿರಲಿಲ್ಲ, ನಿಜವಾದ ಭಕ್ತಿಯಿಂದಲೇ ಅಂದರು. ಅದೇ ಸೋಜಿಗ.

ಮಕ್ಕಳ ದಿನದಂದು ಹುಮನಾಬಾದಿನ ವೇದಿಕೆಯ ಮೇಲೆ ಬಸವಕಿರಣ ಹುಲಿಗನಾದ. ಹರಿದ ಅಂಗಿ ತೊಟ್ಟು, ಮೈಗೆ ಬೂದಿ ಬಳಿದುಕೊಂಡು, ಬಾಗಿಲಲ್ಲಿ ನಿಂತು, “ಇಲ್ಲಿ ಜಾಗಾ ಅದ ಏನ್ರಿ?” ಎಂದು ಕೇಳುವಾಗ ಅವನ ದನಿ ನಡುಗಿ ಒಡೆಯಿತು. ಅದು ನಟನೆಯಲ್ಲವೆಂದು ಭಾಗಮ್ಮನಿಗೊಬ್ಬರಿಗೇ ಗೊತ್ತು. ಮುದುಕನಾದ ಹುಡುಗ ನೆಲ ತಟ್ಟಿದ, ಪಂಕ್ತಿ ಸರಿಯಿತು, ಜಾಗವಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ನಾಗನಾಥ ಸಾಹುಕಾರರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಆ ಶ್ರಾವಣದಲ್ಲಿ ಹುಗ್ಗಿ ಬಿಟ್ಟು ಎದ್ದಿದ್ದ ಇನ್ನೂ ನಾಲ್ಕಾರು ಜನ ಅಲ್ಲಿದ್ದರು, ಅವರೂ ಅತ್ತರು. ಅವರ ಕಣ್ಣೀರು ಸುಳ್ಳಲ್ಲ. ಸುಳ್ಳಾಗಿದ್ದರೆ ಭಾಗಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮೊದಲ ಬಹುಮಾನ ಬಂತು. ಪಾತ್ರ ಮಾಡಿದ ಪ್ರತಿ ಮಗುವಿಗೂ ಒಂದೊಂದು ಸ್ಟೀಲಿನ ಊಟದ ತಟ್ಟೆ. ಗದ್ದಲದಲ್ಲಿ ಬಸವಕಿರಣ ತನ್ನ ತಟ್ಟೆಯನ್ನು ಭಾಗಮ್ಮನ ಚೀಲಕ್ಕೆ ತುರುಕಿದ. “ಇದು ಸಮ್ಯಾಂದು ಅದರಿ ಬಾಯಾರ. ಅಪ್ಪಗ ಕಳದೈತಿ ಅಂತ ಹೇಳ್ತೀನಿ.” ಎಂದವನೇ ಅಪ್ಪನ ಕಡೆಗೆ ಓಡಿದ.

ಮರುದಿನ ಶಾಲೆ ಬಿಟ್ಟ ಕೂಡಲೇ ಭಾಗಮ್ಮ ಬಸ್ಸಿನ ದಾರಿ ಬಿಟ್ಟು ಕೆಳಗಿನ ಓಣಿಗೆ ನಡೆದರು. ಐದು ವರ್ಷ ಆ ಊರಿನಲ್ಲಿ ಪಾಠ ಹೇಳಿದವರು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಲಾಲಪ್ಪ ಮನೆಯಲ್ಲಿರಲಿಲ್ಲ. ಅವನಿಗೀಗ ಸಾಹುಕಾರರ ಹೊಲದಲ್ಲಿ ಕೆಲಸವಿಲ್ಲ, ಮುಡಬಿಯ ಕಡೆ ಕೂಲಿಗೆ ಹೋಗುತ್ತಾನೆ ಎಂದಳು ದ್ರೌಪತಿ. ಸೆರಗು ಸರಿಮಾಡಿಕೊಂಡು ಕಂಬಳಿ ಕೊಡವಿ ಹಾಸಿದಳು. ಒಳಗೆ ಸಮ್ಯಕ ಉಣ್ಣುತ್ತಿದ್ದ. ಆಗಷ್ಟೇ ಆಡು ಮೇಯಿಸಿ ಬಂದಿದ್ದ, ಕಾಲು ಮೊಣಕಾಲ ತನಕ ಧೂಳು. ಬಾಯಾರನ್ನು ಕಂಡು ತುತ್ತು ಹಿಡಿದ ಕೈ ಹಾಗೇ ನಿಂತಿತು.

ಭಾಗಮ್ಮ ಕಂಬಳಿಯ ಮೇಲೆ ಕೂತರು. “ದ್ರೌಪತಿ, ನಂದೇ ತಪ್ಪು,” ಎಂದರು. “ಆ ಕಥಿ ಹಂಗ ಮುಗಿಯೂದಿಲ್ಲ. ಕಲ್ಯಾಣದಾಗ ಒಂದು ಪಂಕ್ತ್ಯಾಗ ಕುಂತವರಿಗಿ ಭಾಳ ಕೆಟ್ಟ ಗತಿ ಬಂತು. ಮಕ್ಕಳು ಅಂಜತಾರ ಅಂತ ನಾ ಹೇಳಲಿಲ್ಲ.”

ದ್ರೌಪತಿ ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ಮೆಲ್ಲಗೆ, “ಹೇಳಬೇಕಿತ್ರಿ ಬಾಯಾರ,” ಎಂದಳು. “ಅಂಜತಿದ್ದ. ಅಂಜಿದ್ರ ಹುಷಾರ್ ಇರತಿದ್ದ. ಅಂಜಿಕಿ ಒಂದ ನಾವು ನಮ್ಮ ಮಕ್ಕಳಿಗಿ ಕೊಡೂದು. ಅದನ್ನ ನೀವು ಕಸಗೊಂಡ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಭಾಗಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

ಚೀಲದಿಂದ ತಟ್ಟೆ ತೆಗೆದು ಸಮ್ಯಕನ ಮುಂದಿಟ್ಟರು. “ಹುಲಿಗನ ಬಹುಮಾನ. ನಿಂದು. ಬಸವಕಿರಣ ಕೊಟ್ಟಾನ.” ಹುಡುಗ ಅದರ ಅಂಚನ್ನು ಒಂದು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡ.

“ನನಗೂ ಹಸಿವು ಆಗ್ಯಾದ, ದ್ರೌಪತಿ. ಇವತ್ತು ಇಲ್ಲೇ ಉಣ್ತೀನಿ,” ಎಂದರು ಭಾಗಮ್ಮ.

ದ್ರೌಪತಿ ಗಾಬರಿಯಾಗಿ ಗೂಡಿನ ಕಡೆ ನೋಡಿದಳು. ಅಲ್ಲಿದ್ದ ಎರಡು ಮೂರು ತಟ್ಟೆಗಳಲ್ಲಿ ಕೈ ಹಾಕಿ, ಏನೋ ನೆನಪಾದಂತೆ ನಿಂತಳು. ಬಂದು, ಮಗನ ಮುಂದಿದ್ದ ಬಹುಮಾನದ ತಟ್ಟೆಯನ್ನೇ ಎತ್ತಿಕೊಂಡು ತೊಳೆದಳು. “ಇದು ಹೊಸಾದ ಅದರಿ ಬಾಯಾರ. ನಾವು ಯಾರೂ ಇದರಾಗ ಉಂಡಿಲ್ಲ,” ಎಂದು ಅದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂಡಿ ಇಟ್ಟಳು.

ಭಾಗಮ್ಮ ತಟ್ಟೆ ಹಿಡಿದುಕೊಂಡು ಸಮ್ಯಕನ ಹತ್ತಿರ ಬಂದು ನಿಂತರು. ನಗಲು ಪ್ರಯತ್ನಿಸಿ ಕೇಳಿದರು:

“ಇಲ್ಲಿ ಜಾಗಾ ಅದ ಏನಪ್ಪಾ?”

“ಅದರಿ,” ಎಂದ ಸಮ್ಯಕ. ಎಂದವನು ಅರ್ಧ ಉಂಡ ತಟ್ಟೆಯನ್ನು ಕೈಯಲ್ಲಿ ಹಿಡಿದು ಎದ್ದ. “ನೀವು ಕುಂದುರ್ರಿ. ನಾ ಹೊರಗ ಉಣ್ತೀನಿ.”

ಅವನು ಸಿಟ್ಟಿನಿಂದ ಎದ್ದದ್ದಲ್ಲ. ಮರ್ಯಾದೆಯಿಂದ, ತಲೆ ತಗ್ಗಿಸಿಕೊಂಡು ಎದ್ದ. ಊರು ಒಂದೇ ದಿನದಲ್ಲಿ ಕಲಿಸಿದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಯಾವಾಗಲೂ ಅವನು ಪಾಠದಲ್ಲಿ ಚುರುಕು.

ಭಾಗಮ್ಮ ನೆಲದ ಮೇಲೆ ಕೂತರು. ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿದರು. ಆ ದಿನ ಮಠದಲ್ಲಿ ನಾಲಿಗೆಯ ತನಕ ಬಂದು ನಿಂತಿದ್ದ ಮಾತು ಈಗ ಅಳುವಿನ ಜೊತೆ ಬಂತು: “ಬಾ ಮಗಾ, ಇಲ್ಲಿ ಕುಂದುರು.”

ಸಮ್ಯಕ ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದ.

“ಅದು ಅವತ್ತ ಹೇಳೂ ಮಾತು ರೀ ಬಾಯಾರ,” ಎಂದ.

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಉಣ್ಣತೊಡಗಿದ. ಭಾಗಮ್ಮ ರೊಟ್ಟಿ ಮುರಿದರು. ಒಂದು ಚೂರೂ ಬಿಡದೆ ಉಂಡರು. ಆಮೇಲೆ ಆ ಹೊಸ ತಟ್ಟೆಯಲ್ಲಿ ನೀರು ಹಾಕಿ, ತೊಳೆದು, ತಮ್ಮ ಮನೆಯ ಪದ್ಧತಿಯಂತೆ ಆ ನೀರನ್ನೂ ಕುಡಿದರು. ಬಾಗಿಲಲ್ಲಿ ನಿಂತಿದ್ದ ದ್ರೌಪತಿ ಅದನ್ನು ನೋಡಿದಳು. ಹುಡುಗ ಆ ಕಡೆ ಮುಖ ಮಾಡಿ ಕೂತಿದ್ದ, ಅವನು ನೋಡಲಿಲ್ಲ.